ನನ್ನ ಮಳೆ ಎಲ್ಲಿ ಹೋಯಿತು?

ಇವತ್ತು ಬೆಳಿಗ್ಗೆ ಫೋನ್ ತೆಗೆದರೆ ಬೆಂಗಳೂರಿನಿಂದ ಅಕ್ಕನ ಮಗನ ಮೆಸೇಜ್. "ಚಿಕ್ಕಮ್ಮ, ನಿಮ್ಮ ರೆಕಾರ್ಡಿಂಗ್ ಕ್ಲೀನ್ ಮಾಡಿದ್ದೀನಿ. ಮಳೆ ಸದ್ದೆಲ್ಲಾ ಹೋಯ್ತು, ಈಗ ಕೇಳಿ." ಕೇಳಿದೆ. ಎರಡು ಸಲ ಕೇಳಿದೆ. ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಯಿತು. ಈಗ ಮಧ್ಯಾಹ್ನ, ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಕೊಡವರ ಕಕ್ಕಡ ತಿಂಗಳ 18ರ ರಾತ್ರಿ ಎಲ್ಲರೂ ಮದ್ದು ಸೊಪ್ಪಿನ ಪಾಯಸ ತಿಂದು ಮಲಗಿದ ಮೇಲೆ ನಾನು ಸ್ಪೇನಿನ ಸಂಗೀತಗಾರ ತಾರೆಗಾ ಅವರ 'ಲಾಗ್ರಿಮಾ'ವನ್ನು ಗಿಟಾರಿನಲ್ಲಿ ನುಡಿಸಿ ಫೋನಿನಲ್ಲಿ ಹಿಡಿದಿದ್ದೆ. ಹೊರಗೆ ಮಳೆ. ಕೊಡಗಿನ ನಾಪೋಕ್ಲು ಕಡೆಯ ಮಳೆ ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಡುಗೆಮನೆ ಹಿಂದಿನ ಶೀಟಿನ ಮೇಲೆ ಅದು ಸುರಿಯುತ್ತಲೇ ಇತ್ತು. ನಾನು ನುಡಿಸುತ್ತಲೇ ಇದ್ದೆ.

ಲಾಗ್ರಿಮಾ ಅಂದರೆ ಸ್ಪ್ಯಾನಿಷ್‌ನಲ್ಲಿ ಕಣ್ಣೀರ ಹನಿ. ಎರಡು ಭಾಗ ಸೇರಿ 16 ಬಾರ್, ಅಂದರೆ ತಾಳದ 16 ಆವರ್ತ ಅಷ್ಟೇ. ಮೊದಲನೆಯದು ಇ ಮೇಜರ್ ಅನ್ನುವ ಸ್ವರಶ್ರೇಣಿಯಲ್ಲಿ, ಎರಡನೆಯದು ಇ ಮೈನರ್‌ನಲ್ಲಿ, ತಿರುಗಿ ಮೊದಲನೆಯದು. ಕೇಳುವವರಿಗೆ ಎರಡು ನಿಮಿಷ. ನನಗೆ ಐದು ತಿಂಗಳು ಹಿಡಿಯಿತು. ಅದರಲ್ಲಿ ಮೂರು ವಾರ ಸುಮ್ನೆ ಕಾದಿದ್ದೇ ಆಯಿತು, ಮೆಣಸು ಕೊಯ್ಲಿನ ಸಮಯದಲ್ಲಿ ಬಲಗೈ ಹೆಬ್ಬೆರಳಿನ ಉಗುರು ಮುರಿದಿತ್ತು.

ಶುರುವಿನಲ್ಲೇ ಒಂದು ಜಾಗ ಇದೆ. ಒಂದನೇ ತಂತಿಯಲ್ಲಿ ಒಂದು ಬೆರಳು ನಾಲ್ಕನೇ ಫ್ರೆಟ್‌ನಿಂದ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಐದಕ್ಕೆ, ಅಲ್ಲಿಂದ ಏಳಕ್ಕೆ. ಅದೇ ಹೊತ್ತಿಗೆ ನಾಲ್ಕನೇ ತಂತಿಯಲ್ಲಿ ಇನ್ನೊಂದು ಬೆರಳು ಎರಡು, ನಾಲ್ಕು, ಆರು. ಎರಡೂ ಜೊತೆಯಲ್ಲಿ ಹತ್ತಬೇಕು. ನಡುವೆ ಎರಡನೇ ತಂತಿ ಖಾಲಿಯಾಗಿ ಮಿಡಿಯುತ್ತಿರುತ್ತದೆ. ನಾಲ್ಕನೇ ತಂತಿಗೆ ಲೋಹದ ಸುತ್ತು ಇರುವುದರಿಂದ ಬೆರಳು ಜಾರಿದಾಗ ಸಣ್ಣಗೆ 'ಚುಂಯ್' ಅನ್ನುತ್ತದೆ. ಆ ಸದ್ದು ಕಡಿಮೆ ಮಾಡಲು ಎಷ್ಟು ರಾತ್ರಿ ಕೂತೆ! ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹುಡುಗ ಒಂದು ಗುಂಡಿ ಒತ್ತಿ ಅದನ್ನೂ ಅಳಿಸಿದ್ದಾನೆ.

ಹೋಗಲಿ, ಅದನ್ನು ಸಹಿಸಿಕೊಳ್ಳುತ್ತೇನೆ. ಸ್ವರಗಳ ಬಾಲ ಕತ್ತರಿಸಿರುವುದನ್ನು ಮಾತ್ರ ಸಹಿಸಲು ಆಗುತ್ತಿಲ್ಲ. ಅವನು ಬಳಸಿದ ಆ್ಯಪ್ ಒಂದೇ ಸಮ ಕೇಳುವ ಸದ್ದು ಯಾವುದು ಅಂತ ಗುರುತು ಹಿಡಿದು ಅದನ್ನು ಕಳೆಯುತ್ತದೆ. ಮಳೆ ಒಂದೇ ಸಮ ಸುರಿಯುತ್ತದೆ, ಸರಿ. ಆದರೆ ಗಿಟಾರಿನ ಸ್ವರ ಮೀಟಿದ ಗಳಿಗೆಯಿಂದಲೇ ಕರಗಲು ಶುರು. ಪಿಟೀಲಿನ ಹಾಗೆ ಕಮಾನು ಎಳೆದು ಹಿಡಿದಿಡಲು ಆಗುವುದಿಲ್ಲ. ಕರಗುತ್ತಾ ಕರಗುತ್ತಾ ಅದು ಮಳೆಯಷ್ಟೇ ಮೆಲ್ಲಗಾದಾಗ ಆ್ಯಪ್ ಅದನ್ನೂ ಮಳೆಯ ಜೊತೆ ತೆಗೆದು ಬಿಸಾಡುತ್ತದೆ. ಕೊನೆಯ ಸ್ವರ ಆರುವ ತನಕ ಉಸಿರು ಹಿಡಿದು, ಕೈ ಅಲ್ಲಾಡಿಸದೆ ಕೂತಿದ್ದೆ ನಾನು. ಅವನು ಕಳಿಸಿದ್ದರಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ಟಕ್ ಅಂತ ನಿಂತುಹೋಗಿದೆ.

ಮಧ್ಯಾಹ್ನ ಫೋನ್ ಮಾಡಿದೆ. ಅವನದೂ ಒಂದು ವಾದ. "ದೊಡ್ಡ ದೊಡ್ಡ ಕಲಾವಿದರೂ ಹತ್ತು ಸಲ ನುಡಿಸಿ ಚೆನ್ನಾಗಿರೋದನ್ನ ಜೋಡಿಸ್ತಾರೆ ಅಲ್ವಾ ಚಿಕ್ಕಮ್ಮ? ಸ್ಟುಡಿಯೋದಲ್ಲಿ ಸದ್ದೇ ಇರಲ್ಲ." ಹೌದಪ್ಪ. ಟೇಪ್ ಬಂದ ಮೇಲೆ ಎಲ್ಲರೂ ಜೋಡಿಸುತ್ತಾರೆ. ಅವರು ಮಾರುತ್ತಾರೆ, ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಾನು ಯಾರಿಗೆ ಮಾರಬೇಕು? ಸ್ಪೇನಿನ ಹೆಸರಾಂತ ಗಿಟಾರ್ ವಾದಕ ಆಂದ್ರೇಸ್ ಸೆಗೋವಿಯಾ 1927ರಲ್ಲಿ ರೆಕಾರ್ಡ್ ಮಾಡಿದಾಗ ಮೇಣದ ತಟ್ಟೆಯ ಮೇಲೆ ನೇರ ಕೊರೆಯುತ್ತಿದ್ದರು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ. ಆ ತಟ್ಟೆಗಳ ಸರಸರ ಸದ್ದಿನ ನಡುವೆಯೂ ಅವರ ಬೆರಳು ನನಗೆ ಎಷ್ಟು ಹತ್ತಿರ ಕೇಳುತ್ತದೆ ಗೊತ್ತಾ?

ಸಿಟ್ಟು ಯಾಕೆ ಇಷ್ಟು ಜಾಸ್ತಿ ಅಂತ ಕೂತು ಯೋಚಿಸಿದೆ. ಹೇಳಿಯೇ ಬಿಡುತ್ತೇನೆ. ಹೋದ ವರ್ಷ ಇಲ್ಲಿ 'ರೊಮಾನ್ಸ್' ಅನ್ನುವ ಗಿಟಾರ್ ಕೃತಿ ನುಡಿಸಿ ಹಾಕಿದ್ದೆನಲ್ಲ, ನೀವೆಲ್ಲ ಅಷ್ಟು ಮೆಚ್ಚಿದಿರಲ್ಲ, ಅದು ಒಂದೇ ಸಲಕ್ಕೆ ನುಡಿಸಿದ್ದಲ್ಲ. ಎರಡನೇ ಭಾಗದಲ್ಲಿ ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತಿ ಹಿಡಿಯುವ ಕಡೆ ಪ್ರತಿ ಸಲ ಕೈ ಸೋಲುತ್ತಿತ್ತು. ಮೂರು ದಿನ ನುಡಿಸಿದ್ದನ್ನು ಕತ್ತರಿಸಿ ಅಂಟಿಸಿದ್ದೆ. ಯಾರಿಗೂ ಹೇಳಲಿಲ್ಲ. ಇಲ್ಲಿಯ ತನಕ ಒಂದು ಸಲವೂ ಅದನ್ನು ತಿರುಗಿ ಕೇಳಲು ನನಗೆ ಮನಸ್ಸಾಗಿಲ್ಲ. ಆವಾಗಲೇ ತೀರ್ಮಾನ ಮಾಡಿದ್ದೆ, ಇನ್ನು ಮುಂದೆ ಹೇಗೆ ಬಂತೋ ಹಾಗೆಯೇ ಇಡುತ್ತೇನೆ ಅಂತ. ಲಾಗ್ರಿಮಾ ಆ ತೀರ್ಮಾನದ ಮೊದಲ ರೆಕಾರ್ಡಿಂಗ್.

ಇನ್ನೊಂದು ಮಾತು. ಜೂನ್ ಬಂತು ಅಂದರೆ ನಮ್ಮ ಗಿಟಾರಿನ ಮರ ತೇವ ಕುಡಿದು ಉಬ್ಬುತ್ತದೆ. ತಂತಿ ಮೇಲೇಳುತ್ತದೆ, ಒತ್ತಲು ಜಾಸ್ತಿ ಬಲ ಬೇಕು, ನಾದವೂ ಮಂಕಾಗುತ್ತದೆ. ಬೀರುವಿನಲ್ಲಿ ಬಟ್ಟೆಗೆ ಬೂಸ್ಟು ಹಿಡಿಯದಿರಲು ಹಚ್ಚಿದ ಬಲ್ಬಿನ ಪಕ್ಕದ ಕೋಣೆಯಲ್ಲೇ ಅದನ್ನು ಇಟ್ಟುಕೊಂಡಿದ್ದೇನೆ, ಆದರೂ ಅಷ್ಟೇ. ಆ ರಾತ್ರಿ ಬಂದ ನಾದದಲ್ಲೇ ಮಳೆ ಸೇರಿಕೊಂಡಿದೆ. ಶೀಟಿನ ಮೇಲಿನದನ್ನು ತೆಗೆಯಬಹುದು, ಮರದೊಳಗಿನದನ್ನು ಹೇಗೆ ತೆಗೆಯುತ್ತಾನೆ?

ಹುಡುಗ ಒಳ್ಳೆಯವನು. ಪ್ರೀತಿಯಿಂದಲೇ ಮಾಡಿದ. "ಸಾರಿ ಚಿಕ್ಕಮ್ಮ" ಅಂತ ಎರಡು ಸಲ ಅಂದ. ಅವನ ಮೇಲೆ ಕೂಗಿದ್ದಕ್ಕೆ ನನಗೂ ಬೇಜಾರಿದೆ. ಹುತ್ತರಿ ಹಬ್ಬಕ್ಕೆ ಬಂದಾಗ ಗಿಟಾರ್ ಅವನ ಕೈಗೆ ಕೊಟ್ಟು ಆ ಮೊದಲ ಮೂರು ಜಾಗ ಹಿಡಿಯಲು ಕಲಿಸುತ್ತೇನೆ.

ಕೆಳಗೆ ಹಾಕಿರುವುದು ಮಳೆ ಇರುವ ರೆಕಾರ್ಡಿಂಗ್. ಇಯರ್‌ಫೋನ್ ಹಾಕಿಕೊಂಡು ಕೇಳಿ. ಮೈನರ್ ಭಾಗದಲ್ಲಿ ಒಂದು ಸ್ವರ ತಪ್ಪಿದೆ. ಕೊನೆಯ ಸ್ವರ ಮೀಟಿದ ಮೇಲೆ ಕೂಡಲೇ ನಿಲ್ಲಿಸಬೇಡಿ, ಅದು ಆರಿದ ಮೇಲೂ ಹನ್ನೆರಡು ಸೆಕೆಂಡ್ ಶೀಟಿನ ಮೇಲಿನ ಮಳೆ ಇದೆ.