ಸ್ಪಷ್ಟನೆ: ತಡೆಗೋಡೆಯ ತೂತು ಮುಚ್ಚಬೇಡಿ

ಮೈಸೂರಿನ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಪಕ್ಕದ ಸೈಟಿನ ನೀರು ತೋಟಕ್ಕೆ ಬಾರದಿರಲು ತಡೆಗೋಡೆಯ ತೂತುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿ." ಇದು ತಪ್ಪು. ತಡೆಗೋಡೆ ಎಂದರೆ ಎತ್ತರದ ಸೈಟಿನ ಮಣ್ಣು ಜಾರದಂತೆ ಹಿಡಿಯುವ ಗೋಡೆ; ಅದರ ಹಿಂದೆ ಇಂಗಿದ ಮಳೆನೀರು ಹೊರಹೋಗುವುದು ಈ ತೂತುಗಳಿಂದಲೇ. ಮುಚ್ಚಿದರೆ ನೀರು ಹಿಂದೆಯೇ ನಿಂತು ಗೋಡೆಯೇ ಬೀಳಬಹುದು.

ಲೆಕ್ಕ ಸರಳ. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋ. 1.2 ಮೀಟರ್ ಎತ್ತರದ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತರೆ, ಪ್ರತಿ ಮೀಟರ್ ಉದ್ದಕ್ಕೆ ನೀರೊಂದೇ ಸುಮಾರು 720 ಕಿಲೋ ಬಲದಿಂದ ತಳ್ಳುತ್ತದೆ. ಮಣ್ಣಿನ ಒತ್ತಡ ಬೇರೆ. ಚಿತ್ತಾ, ಸ್ವಾತಿ ಮಳೆ ಎರಡು ದಿನ ಬಿಡದೆ ಹಿಡಿದರೆ ಸೈಜುಗಲ್ಲಿನ ಗೋಡೆಯೂ ಮೊದಲು ನಡುವೆ ಉಬ್ಬಿ, ಆಮೇಲೆ ಮುಂದಕ್ಕೆ ವಾಲುತ್ತದೆ.

ತೂತು ಇರಲೇಬೇಕು. 75 ಮಿಲಿಮೀಟರ್ ಪಿವಿಸಿ ಪೈಪನ್ನು ಸುಮಾರು ಒಂದೂವರೆ ಮೀಟರಿಗೊಂದರಂತೆ, ಹೊರಕ್ಕೆ ತುಸು ಇಳಿಜಾರಾಗಿ ಕೂರಿಸಿ. ಕೆಳಸಾಲು ನೆಲದಿಂದ ಅರ್ಧ ಅಡಿ ಮೇಲಿರಲಿ. ಗೋಡೆಯ ಬೆನ್ನಿಗೆ ನೇರವಾಗಿ ಕೆಮ್ಮಣ್ಣು ತುಂಬಬೇಡಿ. ಒಂದು ಅಡಿ ದಪ್ಪ 20 ಎಂಎಂ ಜಲ್ಲಿ ಹಾಕಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಕೊಡಿ. ಬಟ್ಟೆ ಬಿಟ್ಟರೆ ಸಣ್ಣ ಮಣ್ಣು ಜಲ್ಲಿಯೊಳಗೆ ಇಳಿದು, ಕೆಲವೇ ಮಳೆಗಾಲದಲ್ಲಿ ಪೈಪು ಕಟ್ಟಿಕೊಳ್ಳುತ್ತದೆ. ಬಹುತೇಕ ಕಡೆ ಎಡವಟ್ಟಾಗುವುದು ಇಲ್ಲೇ.

ಪಕ್ಕದವರ ತೋಟಕ್ಕೆ ನೀರು ಹರಿಯುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕೆ ಗೋಡೆಯ ಬುಡದಲ್ಲಿ ಸಣ್ಣ ಚರಂಡಿ ತೆಗೆದು, 100 ಮೀಟರಿಗೆ ಒಂದು ಮೀಟರ್ ಇಳಿಜಾರು ಕೊಟ್ಟು, ಅದರ ನೀರನ್ನು ರಸ್ತೆಬದಿಯ ಮಳೆನೀರಿನ ಚರಂಡಿಗೆ ಸೇರಿಸಿ, ಒಳಚರಂಡಿಗಲ್ಲ. ಗೋಡೆ ಕಟ್ಟುವಾಗಲೇ ಈ ಚರಂಡಿಗೆ ಗಡಿಯೊಳಗೆ ಜಾಗ ಬಿಟ್ಟುಕೊಳ್ಳಿ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ತೂತು ಮುಚ್ಚಿಸಿದ್ದರೆ ಮುಂದಿನ ಮಳೆಗೆ ಮುನ್ನ ತೆಗೆಸಿ; ಗೋಡೆ ಉಬ್ಬಿದ್ದರೆ ಮೊದಲು ಎಂಜಿನಿಯರ್‌ಗೆ ತೋರಿಸಿ.