ಕಿವಿಗಿಂತ ಓಲೆ ಭಾರ

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಹೆಡ್‌ಫೋನ್ ಕಂಡವರಲ್ಲ. ಕಂಡಿದ್ದರೆ ಮೂಗಿನ ಉಸಾಬರಿ ಬಿಟ್ಟು ನೇರವಾಗಿ ಕಿವಿಗೇ ಬರುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಮಿತ್ರರೊಬ್ಬರ ಬಳಿ 260 ಗ್ರಾಂ ತೂಗುವ ಸೆನ್‌ಹೈಸರ್ ಎಚ್‌ಡಿ 650 ಎಂಬ ಹೆಡ್‌ಫೋನ್ ಇದೆ. ಅದನ್ನು ನುಡಿಸಲೆಂದು ಅವರು ಸ್ವಹಸ್ತದಿಂದ ಕಟ್ಟಿರುವ ಆಂಪ್ಲಿಫೈಯರ್ ಏಳು ಕಿಲೋ ತೂಗುತ್ತದೆ. ಇದು ನನ್ನ ಅಂದಾಜಲ್ಲ. ಹಳೆಯ ಪೇಪರ್ ಕೊಳ್ಳಲು ಬಂದವನ ತಕ್ಕಡಿಯಲ್ಲಿ ಅವರೇ ಹೆಮ್ಮೆಯಿಂದ ತೂಗಿಸಿದ ಲೆಕ್ಕ; ಆತ ಮುಳ್ಳು ನೋಡಿ, "ಇದನ್ನ ಕಬ್ಬಿಣದ ರೇಟಿಗೆ ಹಾಕ್ಲಾ ಸಾರ್, ಅಲ್ಯೂಮಿನಿಯಂ ರೇಟಿಗಾ?" ಎಂದು ಕೇಳಿದ್ದರಿಂದ ಅಂದು ಪೇಪರ್ ವ್ಯಾಪಾರವೂ ಮುರಿದುಬಿತ್ತು. ಪುಸ್ತಕದ ಕಪಾಟಿನ ಹಲಗೆ ಬಾಗಿದ ಕಾರಣ ಆ ಪೆಟ್ಟಿಗೆ ಈಗ ನೆಲದ ಮೇಲೆ ವಿರಾಜಮಾನವಾಗಿದೆ.

ಅದರ ಜನ್ಮವೃತ್ತಾಂತ ಸಾಮಾನ್ಯದ್ದಲ್ಲ. ಹೆಡ್‌ಫೋನ್‌ಗಾಗಿಯೇ ತಯಾರಾಗುವ ಪುಟ್ಟ ಆಂಪ್ಲಿಫೈಯರ್‌ಗಳಲ್ಲಿ ದಮ್ಮಿಲ್ಲವೆಂದು ತೀರ್ಮಾನಿಸಿದ ಮಿತ್ರರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐದು ಶನಿವಾರ ಅಲೆದು, ಸ್ಪೀಕರ್ ನುಡಿಸಲೆಂದು ರೂಪಿಸಿದ ಎಲ್‌ಎಂ3886 ಎಂಬ ಆಂಪ್ಲಿಫೈಯರ್ ಚಿಪ್‌ಗಳೆರಡನ್ನು, ತೆಂಗಿನಕಾಯಿ ಒಡೆಯಲೂ ಒದಗಬಲ್ಲ ಟ್ರಾನ್ಸ್‌ಫಾರ್ಮರನ್ನು, ಕರೆಂಟು ಕೂಡಿಟ್ಟುಕೊಳ್ಳುವ, ಕಾಫಿ ಲೋಟದ ಗಾತ್ರದ ನಾಲ್ಕು ಕೆಪಾಸಿಟರ್‌ಗಳನ್ನು ಮತ್ತು ಬಚ್ಚಲೊಲೆಯ ಕಾವನ್ನೂ ಇಳಿಸಬಲ್ಲ ಹೀಟ್‌ಸಿಂಕನ್ನು ಹೊತ್ತು ತಂದರು. ಅಂಗಡಿಯವರು ವ್ಯವಹಾರಸ್ಥರು, "ಸ್ಪೀಕರ್ ಎಷ್ಟು ಇಂಚಿಂದು ಸಾರ್, ಹನ್ನೆರಡಾ ಹದಿನೈದಾ?" ಎಂದು ವಿಚಾರಿಸಿದರಂತೆ. "ಇಲ್ಲ, ಇದು ತಲೆಗೆ ಹಾಕೋದು" ಎಂಬ ಉತ್ತರ ಬಂದ ಮೇಲೆ ಅವರು ಮಿತ್ರರ ತಲೆಯನ್ನೊಮ್ಮೆ ದಿಟ್ಟಿಸಿ, ಹೆಚ್ಚು ಮಾತನಾಡದೆ ಬಿಲ್ ಬರೆದುಕೊಟ್ಟರು.

ಹೆಡ್‌ಫೋನಿಗೂ ದೈತ್ಯ ಆಂಪ್ಲಿಫೈಯರೇ ಬೇಕೆನ್ನುವವರ ಈ ಪಂಥದಲ್ಲಿ ಲೆಕ್ಕ ಹಾಕುವುದು ಅಪಚಾರ. ಆದರೂ ಹಾಕಿಬಿಡೋಣ. ಕರೆಂಟಿಗೆ ಎಂಟು ಓಮ್‌ನಷ್ಟು ತಡೆಯೊಡ್ಡುವ ಸ್ಪೀಕರಿಗೆ 50 ವ್ಯಾಟ್ ಕೊಡುವ ಇಂಥ ಆಂಪ್ಲಿಫೈಯರಿನ ಬಾಯಿಂದ ಹೊರಡುವುದು 20 ವೋಲ್ಟ್. ಮಿತ್ರರ ಹೆಡ್‌ಫೋನ್ 300 ಓಮ್‌ನದು. ತಯಾರಕರೇ ಹೇಳುವಂತೆ ಅದಕ್ಕೆ ಒಂದು ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಹೊಮ್ಮುತ್ತದೆ, 20 ವೋಲ್ಟ್ ಕೊಟ್ಟರೆ 129 ಡೆಸಿಬೆಲ್, ಅಂದರೆ ಸಂಗೀತ ಮುಗಿದು ನೋವು ಆರಂಭವಾಗುವ ಮಟ್ಟ. ವಾರಕ್ಕೆ 40 ಗಂಟೆ ಕೇಳಿದರೂ ಕಿವಿಗೆ ಕೇಡಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ 80 ಡೆಸಿಬೆಲ್ ಮಟ್ಟದಲ್ಲಿ ಹಾಡು ಕೇಳಲು ಈ ಹೆಡ್‌ಫೋನ್ ಬೇಡುವ ಶಕ್ತಿ ಒಂದು ಮಿಲಿವ್ಯಾಟಿನ ಅರವತ್ತನೆಯ ಒಂದು ಪಾಲು ಮಾತ್ರ. ಪೆಟ್ಟಿಗೆಯ ಮೇಲೆ ಬರೆದ 50 ವ್ಯಾಟನ್ನು ಇದರಿಂದ ಭಾಗಿಸಿದರೆ ಸುಮಾರು 30 ಲಕ್ಷ ಬರುತ್ತದೆ. ಒಂದು ಉದ್ಧರಣೆ ತೀರ್ಥಕ್ಕಾಗಿ ಕನ್ನಂಬಾಡಿಯ ಗೇಟು ಎತ್ತಿಸಿದ ಹಾಗೆ ಎಂದು ನಾನು ಹೇಳಿದಾಗ ಮಿತ್ರರು ಬೇಸರಿಸಿಕೊಳ್ಳಲಿಲ್ಲ. "ಗೇಟು ಎತ್ತಬೇಕಾಗಿಲ್ಲ, ಹಿಂದೆ ಅಷ್ಟು ನೀರು ನಿಂತಿದೆ ಅನ್ನೋ ಧೈರ್ಯ ಇದ್ದರೆ ತೀರ್ಥದ ರುಚಿಯೇ ಬೇರೆ" ಎಂದರು.

ಈ ಧೈರ್ಯಕ್ಕೆ ಪಂಥದ ಪರಿಭಾಷೆಯಲ್ಲಿ ಹೆಡ್‌ರೂಮ್ ಎಂದು ಹೆಸರು. ಸಂಗೀತದಲ್ಲಿ ತಬಲಾದ ಪೆಟ್ಟು ಸರಾಸರಿಗಿಂತ ಹತ್ತಿಪ್ಪತ್ತು ಡೆಸಿಬೆಲ್ ಮೇಲೆ ಜಿಗಿಯುವುದು ನಿಜ; ಅದಕ್ಕೆ ಶಕ್ತಿಯ ಮೀಸಲು ಇರಬೇಕೆಂಬುದೂ ನಿಜ. ಇಪ್ಪತ್ತು ಡೆಸಿಬೆಲ್ ಎಂದರೆ ನೂರು ಪಟ್ಟು. ಅರವತ್ತನೆಯ ಒಂದು ಪಾಲಿಗೆ ನೂರು ಪಟ್ಟು ಸೇರಿಸಿದರೂ ಎರಡು ಮಿಲಿವ್ಯಾಟ್ ದಾಟುವುದಿಲ್ಲ. ಉಳಿದ ವ್ಯಾಟುಗಳೆಲ್ಲ ತಲೆಯೊಳಗಿನ ಖಾಲಿ ಕೋಣೆಗೆ ಹೋಗುತ್ತವೆ ಎಂದು ಆ ಪದವನ್ನು ಕನ್ನಡಿಸಿಕೊಂಡರೆ ತಪ್ಪಾಗಲಾರದು. ಒಂದು ಕಾಲದಲ್ಲಿ ಟೇಪ್‌ರೆಕಾರ್ಡರಿನ ಡಬ್ಬಿಯ ಮೇಲೆ ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ, ಎಂದು ಸಾವಿರಗಟ್ಟಲೆ ವ್ಯಾಟುಗಳನ್ನು ಅಚ್ಚು ಹಾಕುತ್ತಿದ್ದ ವ್ಯಾಪಾರಿಗಳು ನಮಗೆ ಸುಳ್ಳು ಹೇಳುತ್ತಿದ್ದರು. ಈಗಿನವರು ನಿಜವಾದ ವ್ಯಾಟುಗಳನ್ನೇ ತಂದು ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ಇದನ್ನು ಪ್ರಗತಿ ಎನ್ನಬಹುದು.

ಹಿಂದಿನವರು ಈ ವಿಷಯದಲ್ಲಿ ತೀರ ಬಡವರಾಗಿದ್ದರು. ಗಲೀನಾ ಹರಳಿನ ರೇಡಿಯೊ ಕೇಳುತ್ತಿದ್ದವರು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು, ಆದರೆ ಆ ರೇಡಿಯೊದಲ್ಲಿ ಬ್ಯಾಟರಿಯೂ ಇರಲಿಲ್ಲ, ಪ್ಲಗ್ಗೂ ಇರಲಿಲ್ಲ. ಗಾಳಿಯಲ್ಲಿ ಬಂದ ರೇಡಿಯೊ ಅಲೆಯ ಶಕ್ತಿಯೇ ಕಿವಿಯವರೆಗೆ ಹಾಡನ್ನು ಹೊತ್ತು ತರುತ್ತಿತ್ತು. ಇನ್ನು ಸ್ಪೀಕರಿನ ಆಂಪ್ಲಿಫೈಯರಿನಿಂದ ಹೆಡ್‌ಫೋನ್ ನುಡಿಸುವುದೂ ಹೊಸ ಶೋಧವೇನಲ್ಲ. ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದ 1970ರ ದಶಕದ ರಿಸೀವರ್‌ಗಳಲ್ಲಿ ಹೆಡ್‌ಫೋನ್ ಜಾಕ್‌ಗೆ ಬೇರೆ ಸರ್ಕ್ಯೂಟ್ ಇರುತ್ತಿದ್ದುದೇ ಅಪರೂಪ. ಸ್ಪೀಕರಿಗೆ ಹೋಗುವ ತಂತಿಯಿಂದಲೇ ಕರೆಂಟನ್ನು ತಡೆಯುವ, ಕೆಲವು ನೂರು ಓಮ್‌ನ ಎರಡು ರೆಸಿಸ್ಟರ್‌ಗಳ ಮೂಲಕ ಒಂದಿಷ್ಟು ಸದ್ದನ್ನು ಕವಲೊಡೆಸಿ ಕಳುಹಿಸುತ್ತಿದ್ದರು. ಇಡೀ ಅವತಾರ ಎರಡು ರೆಸಿಸ್ಟರ್‌ಗಳಲ್ಲಿ ಮುಗಿಯುತ್ತಿತ್ತು. ಅದರ ಬಗ್ಗೆ ಯಾರೂ ಪ್ರವಚನ ಕೊಡುತ್ತಿರಲಿಲ್ಲ.

ಕಟ್ಟಿ ಮುಗಿದ ಯಂತ್ರಕ್ಕೆ ಹೆಡ್‌ಫೋನ್ ಸಿಕ್ಕಿಸಿದ ದಿನ ಮಿತ್ರರು ಕಂಡುಕೊಂಡ ಮೊದಲ ಸತ್ಯವೆಂದರೆ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟೂ ತಿರುಗಿಸುವಂತಿಲ್ಲ ಎಂಬುದು. ತುದಿಬೆರಳು ಸೋಕಿದರೆ ಸಾಕು, ಪಿಸುಮಾತು ಗುಡುಗಾಗುತ್ತಿತ್ತು; ಆ ಆರಂಭದ ಅಂಚಿನಲ್ಲಿ ಗುಂಡಿಯ ಎಡ, ಬಲದ ಎರಡು ಪಾಲುಗಳು ಸಮನಾಗಿ ತೆರೆಯದ ಕಾರಣ ಗಾಯಕಿ ಎಡಗಿವಿಯಲ್ಲಿ ಹಾಡಿದರೆ ಪಿಟೀಲು ಕೇಳಲೇ ಇಲ್ಲ. ಸ್ಪೀಕರಿನಲ್ಲಿ ಹತ್ತಡಿ ದೂರದಿಂದ ಕೇಳಿಸದ ಸುಸ್ ಎಂಬ ಹಿನ್ನೆಲೆಯ ಸದ್ದು ಕಿವಿಗೆ ಅಂಟಿದ ಹೆಡ್‌ಫೋನಿನಲ್ಲಿ ಒಗ್ಗರಣೆಯಂತೆ ಸಿಡಿಯುತ್ತಿತ್ತು. ಇದಕ್ಕೆ ಪರಿಹಾರವಾಗಿ ಅವರು ಆಂಪ್ಲಿಫೈಯರಿಗೂ ಹೆಡ್‌ಫೋನಿಗೂ ನಡುವೆ ದಪ್ಪ ದಪ್ಪ ರೆಸಿಸ್ಟರ್‌ಗಳ ಇನ್ನೊಂದು ಪೆಟ್ಟಿಗೆ ಕಟ್ಟಿದರು. ಇದರ ಕೆಲಸ ಮೊದಲ ಪೆಟ್ಟಿಗೆ ಕಷ್ಟಪಟ್ಟು ಹುಟ್ಟಿಸಿದ ಶಕ್ತಿಯನ್ನು ಕೂತಲ್ಲೇ ಬಿಸಿ ಮಾಡಿ ಕಳೆಯುವುದು. ಒಂದು ಇಲಾಖೆ ರಸ್ತೆಗೆ ಡಾಂಬರು ಹಾಕಿದ ಮರುದಿನ ಇನ್ನೊಂದು ಇಲಾಖೆ ಬಂದು ಅಗೆಯುವುದನ್ನು ಕಂಡು ಬೆಳೆದ ಬೆಂಗಳೂರಿನವರಿಗೆ ಈ ಏರ್ಪಾಡು ಅಸಹಜವೆನಿಸಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ನಿಜಕ್ಕೂ ಶಕ್ತಿಯ ಬಡತನದಿಂದ ನರಳುವ ಹೆಡ್‌ಫೋನ್‌ಗಳು ಇವೆ. ಆಸ್ಟ್ರಿಯಾದ ಎಕೆಜಿ ಕಂಪನಿ 1989ರಲ್ಲಿ ತಂದ ಕೆ1000 ಎಂಬುದು ಕಿವಿಗೆ ತಾಗದೆ ಅದರ ಪಕ್ಕದಲ್ಲಿ ಪುಟ್ಟ ಸ್ಪೀಕರಿನಂತೆ ತೂಗುತ್ತಿತ್ತು. ಒಂದು ಮಿಲಿವ್ಯಾಟಿಗೆ 74 ಡೆಸಿಬೆಲ್ಲಷ್ಟೇ ಉಲಿಯುತ್ತಿದ್ದ ಅದನ್ನು ಸ್ಪೀಕರಿನ ಟರ್ಮಿನಲ್‌ಗೇ ಜೋಡಿಸಲೆಂದು ತಯಾರಿಸಿದ್ದರು. ಹೈಫೈಮನ್ ಕಂಪನಿಯ ಎಚ್‌ಇ-6 ಕೂಡ ಒಂದು ಮಿಲಿವ್ಯಾಟಿಗೆ 83.5 ಡೆಸಿಬೆಲ್ ಮಾತ್ರ ಕೊಡುವ ಮಹಾನಿದ್ರಾಳು. ಇವು ಹೆಸರಿಗೆ ತಕ್ಕ ಕುಂಭಕರ್ಣರು. ಕುಂಭದಂಥ ಕಿವಿಯವರನ್ನು ಎಬ್ಬಿಸಲು ಭೇರಿ, ನಗಾರಿ, ಆನೆಗಳೇ ಬೇಕು. ಆದರೆ ನಮ್ಮಲ್ಲಿ ಬಿಪಿಎಲ್ ಕಾರ್ಡಿನ ಸಾಲಿನಲ್ಲಿ ಕಾರು ನಿಲ್ಲಿಸಿ ಬಂದವರೂ ನಿಲ್ಲುವಂತೆ, ಈ ಎರಡು ಮೂರು ಬಡಪಾಯಿಗಳ ಹೆಸರು ಹೇಳಿಕೊಂಡು ಮೊಬೈಲಿನಲ್ಲೇ ಚೆನ್ನಾಗಿ ಹಾಡುವ ಹೆಡ್‌ಫೋನ್‌ಗಳೂ 50 ವ್ಯಾಟಿನ ಪಡಿತರಕ್ಕೆ ಚೀಲ ಹಿಡಿದು ನಿಂತಿವೆ. ಪರಿಶೀಲನೆಗೆ ಬಂದ ನನ್ನಂಥವರಿಗೆ ಸಿಗುವ ಉತ್ತರ ಒಂದೇ: "ನಿಮ್ಮ ಕಿವಿ ಇನ್ನೂ ಪಳಗಿಲ್ಲ."

ಪಳಗಿದ ಇನ್ನೊಬ್ಬರ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಅವರು ಕ್ಲಾಸ್-ಡಿ ಜಾತಿಯ ಅಗ್ಗದ ಆಂಪ್ಲಿಫೈಯರ್ ಬೋರ್ಡ್ ತಂದು, ಎಡಬಲದ ಎರಡೂ ಮೈನಸ್ ತಂತಿಗಳನ್ನು ಹೆಡ್‌ಫೋನ್ ಜಾಕಿನ ಒಂದೇ ಕಾಲಿಗೆ ಬೆಸೆದರು. ಆ ಜಾತಿಯ ಬೋರ್ಡುಗಳಲ್ಲಿ ಮೈನಸ್ ಎಂಬುದು ಸುಮ್ಮನಿರುವ ಭೂಮಿಯಲ್ಲ (ಗ್ರೌಂಡ್ ಅಲ್ಲ), ಅದೂ ದುಡಿಯುವ ಕೈಯೇ; ಎರಡನ್ನು ಕಟ್ಟಿಹಾಕಿದರೆ ಒಂದನ್ನೊಂದು ಸುಡುತ್ತವೆ. ಹೊಗೆ ಏಳುವ ಮುನ್ನ ಕೇಳಿದ ಅರ್ಧ ಸೆಕೆಂಡಿನ ಬಾಸ್ ಅದ್ಭುತವಾಗಿತ್ತೆಂದು ಅವರು ಈಗಲೂ ಸಾಕ್ಷಿ ನುಡಿಯುತ್ತಾರೆ.

ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮಿತ್ರರು ಕಾನೂನುಭೀರುಗಳು, ರಾತ್ರಿ ಹತ್ತಾದೊಡನೆ ಯಾರಿಗೂ ತೊಂದರೆಯಾಗದಿರಲೆಂದು ಹೆಡ್‌ಫೋನ್ ತೊಡುತ್ತಾರೆ. ಆಗ ಇಡೀ ಮನೆಯಲ್ಲಿ ಕೇಳಿಸುವುದು ಆ ಟ್ರಾನ್ಸ್‌ಫಾರ್ಮರಿನ ಗುಂಯ್‌ಗಾನ ಒಂದೇ. "ಏನ್ರೀ ಇದು, ಹಾಡು ನಿಮಗೆ, ಗುಂಯ್ ಅನ್ನೋದು ನಮಗಾ?" ಎಂದು ಅವರ ಮನೆಯವರು ಎತ್ತಿದ ಆಕ್ಷೇಪಕ್ಕೆ ಪಂಥದ ಸಾಹಿತ್ಯದಲ್ಲಿ ಇನ್ನೂ ಉತ್ತರ ದೊರೆತಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ನಾನು ಅಲ್ಲಿದ್ದಾಗಲೇ ಕರೆಂಟು ಹೋಯಿತು. ಆಂಪ್ಲಿಫೈಯರನ್ನು ಯುಪಿಎಸ್ ಲೈನಿಗೆ ಕೊಟ್ಟಿರಲಿಲ್ಲ. ಕೊಟ್ಟಾಗಲೆಲ್ಲ, ಸ್ವಿಚ್ ಹಾಕಿದ ಕ್ಷಣ ಆ ಟ್ರಾನ್ಸ್‌ಫಾರ್ಮರ್ ಎಳೆಯುವ ಮೊದಲ ಗುಟುಕಿಗೇ ಯುಪಿಎಸ್ ಕಿರುಚಿ ಕುಸಿಯುತ್ತಿತ್ತು. ದೀಪ ಆರಿದರೂ ಫೋನಿನಿಂದ ಬರುತ್ತಿದ್ದ ಹಾಡು ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟಿನಿಂದ ಮುಂದುವರಿಯಿತು. ಮಿತ್ರರು ಕತ್ತಲಲ್ಲಿ ಬೆರಳೆತ್ತಿ ಎಣಿಸಿದರು: ಒಂದು, ಎರಡು, ಮೂರು, ನಾಲ್ಕು. "ನೋಡಿದಿರಾ ಸ್ಟ್ಯಾಮಿನಾ!" ಎಂದರು. ಐದಕ್ಕೆ ಹಾಡು ಗೊರಗೊರ ಎಂದು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಡ್‌ಫೋನಿನ ಪಿನ್ನನ್ನು ಕಿತ್ತು ತಮ್ಮ ಹಳೆಯ ಫೋನಿನ ಜಾಕಿಗೇ ಸಿಕ್ಕಿಸಿ, ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಮುಕ್ಕಾಲು ಗಂಟೆಯ ಬಳಿಕ ಕರೆಂಟು ಬಂದು ಪೆಟ್ಟಿಗೆ ಮತ್ತೆ ಗುಂಯ್ ಎಂದಾಗ, ಅವರು ಕಣ್ಣು ತೆರೆಯದೆ, ಕಾಲು ಚಾಚಿ, ಹೆಬ್ಬೆರಳಿನಿಂದ ಅದರ ಸ್ವಿಚ್ ಆರಿಸಿದರು.