ನೆಗೆಟಿವ್ ಎಲ್ಲಿ ಇಟ್ಟಿದ್ದೀರಿ?

ಹೋದ ತಿಂಗಳು ಒಂದು ರೀಲು ತೊಳೆಸಲು ಕೊಟ್ಟಿದ್ದೆ. ಮೂರು ದಿನಕ್ಕೆ ಸ್ಕ್ಯಾನ್ ಮಾಡಿದ ಫೋಟೋಗಳು ಮೊಬೈಲಿಗೆ ಬಂದವು. ಚೆನ್ನಾಗಿಯೇ ಬಂದಿದ್ದವು. ತೊಳೆದ ರೀಲನ್ನು, ಅಂದರೆ ನೆಗೆಟಿವ್ ತರೋಣ ಅಂತ ಹೋದರೆ ಅಂಗಡಿಯ ಹುಡುಗ, "ಸ್ಕ್ಯಾನ್ ಕಳಿಸಿದೀವಲ್ಲ ಸಾರ್, ಅದನ್ನ ಎಸೆದುಬಿಟ್ವಿ. ಯಾರೂ ಕೇಳಲ್ಲ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಯಾರೂ ಕೇಳುವುದಿಲ್ಲ ಅನ್ನುವುದು ನಿಜವೇ ಇರಬೇಕು. ಆದರೆ ಆವತ್ತು ರಾತ್ರಿ ಊಟ ಸೇರಲಿಲ್ಲ. ಇದನ್ನು ಬರೆಯಲೇಬೇಕು ಅನ್ನಿಸಿದ್ದು ಆಗ.

ನನ್ನ ಹತ್ತಿರ ಇರುವುದು ಸೋದರಮಾವನ ಜೆನಿಟ್-ಇ. 1982ರಲ್ಲಿ, ಮೊದಲ ಸಂಬಳದ ದುಡ್ಡಿನಲ್ಲಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದಂತೆ. ಸೋವಿಯತ್ ಕಾಲದ ಕ್ಯಾಮೆರಾ. ಮೈಮೇಲೆ 1980ರ ಮಾಸ್ಕೋ ಒಲಿಂಪಿಕ್ಸಿನ ಗುರುತು ಇನ್ನೂ ಮಾಸಿಲ್ಲ. ಕೈಯಲ್ಲಿ ಹಿಡಿದರೆ ಇಟ್ಟಿಗೆ ಹಿಡಿದ ಹಾಗೆ. ಬ್ಯಾಟರಿ ಅನ್ನುವುದೇ ಇಲ್ಲ. ಹಣೆಯ ಮೇಲೆ ಜೇನುಗೂಡಿನ ಹಾಗೆ ಕಾಣುವ ಒಂದು ಪಟ್ಟಿ ಇದೆ, ಅದರ ಹಿಂದೆ ಸೆಲೆನಿಯಂ. ಬೆಳಕು ಬಿದ್ದರೆ ತಾನೇ ಕರೆಂಟು ಹುಟ್ಟಿ ಮೀಟರಿನ ಮುಳ್ಳು ಆಡುತ್ತದೆ. ನಲವತ್ತು ವರ್ಷ ದುಡಿದು ಆ ಸೆಲೆನಿಯಂ ಸೋತಿದೆ. ಮುಳ್ಳು ಏನೋ ತೋರಿಸುತ್ತದೆ, ನಂಬುವ ಹಾಗಿಲ್ಲ.

ನಾನು ನಂಬುವುದು ಮಾವ ಹೇಳಿಕೊಟ್ಟ ಲೆಕ್ಕವನ್ನು. "ಮುಖ ಆಮೇಲೆ ನೋಡು ಮಾರಾಯ, ಮೊದಲು ನೆರಳು ನೋಡು." 100ರ ರೀಲು ಹಾಕಿದ್ದರೆ (ಈ ಸಂಖ್ಯೆ ಹೆಚ್ಚಿದಷ್ಟು ರೀಲಿಗೆ ಕಡಿಮೆ ಬೆಳಕು ಸಾಕು) ಶಟರ್ 125ಕ್ಕೆ, ಅಂದರೆ ಸೆಕೆಂಡಿನ 125ರಲ್ಲಿ ಒಂದು ಪಾಲಿಗೆ ಇಡಬೇಕು. ನೆರಳಿನ ಅಂಚು ಕತ್ತರಿಸಿದ ಹಾಗೆ ಗಟ್ಟಿಯಾಗಿದ್ದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, 16. ಸಂಖ್ಯೆ ಚಿಕ್ಕದಾದಷ್ಟು ಕಂಡಿ ದೊಡ್ಡದು. ಅಂಚು ಮೆತ್ತಗಾಗಿದ್ದರೆ 11. ನೆರಳು ಇದೆಯೋ ಇಲ್ಲವೋ ಅನ್ನುವ ಹಾಗಿದ್ದರೆ 8. ನೆರಳೇ ಬೀಳದ ಮೋಡದ ದಿನ 5.6. ಹಿಂದೆ ರೀಲಿನ ಡಬ್ಬದ ಮೇಲೆ ಸೂರ್ಯ, ಮೋಡದ ಚಿತ್ರ ಹಾಕಿ ಇದನ್ನೇ ಅಚ್ಚು ಮಾಡುತ್ತಿದ್ದರು. ಸಾಗರದ ನಮ್ಮ ಊರಲ್ಲಿ ಮಳೆಗಾಲ ಹಿಡಿಯಿತು ಅಂದರೆ ವಾರಗಟ್ಟಲೆ ನೆರಳೇ ಕಾಣುವುದಿಲ್ಲ. ಆಗ 400ರ ರೀಲು.

ಈ ಲೆಕ್ಕ ಕಲಿತ ಮೇಲೆ ಒಂದು ಅಭ್ಯಾಸ ಅಂಟಿಕೊಂಡಿದೆ. ಕ್ಯಾಮೆರಾ ಇಲ್ಲದೆ ರಸ್ತೆಯಲ್ಲಿ ಸುಮ್ನೆ ನಡೆಯುವಾಗಲೂ ಕಣ್ಣು ನೆಲದ ಮೇಲೆ ಹೋಗುತ್ತದೆ. ಬಸ್ ಸ್ಟಾಪಿನ ಕಂಬದ ನೆರಳು ಹನ್ನೊಂದು, ಹೊಂಗೆ ಮರದ ಕೆಳಗೆ ನಾಲ್ಕು. ಬೆಳಕನ್ನು ಹೀಗೆ ಗಮನಿಸುವುದನ್ನು ನನಗೆ ಯಾವ ಮೊಬೈಲೂ ಕಲಿಸಿರಲಿಲ್ಲ. ಮೊಬೈಲ್ ಅದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಅದು ಅದರ ಒಳ್ಳೆಯತನ. ಆದರೆ ನೋಡುವ ಕೆಲಸ ನನ್ನದಾಗಿ ಉಳಿಯಲಿ ಅಂತ ನನಗೆ ಆಸೆ.

ಲೆನ್ಸಿನ ವಿಷಯಕ್ಕೆ ಬರುತ್ತೇನೆ. ಹೀಲಿಯೋಸ್ 44-2. 58 ಎಂಎಂ, ಎಫ್ 2, ಅಂದರೆ ಅಪರ್ಚರ್ 2ರ ತನಕ ತೆರೆಯುತ್ತದೆ. ಹೀಲಿಯೋಸ್ ಅಂದರೆ ಗ್ರೀಕರ ಸೂರ್ಯದೇವ. ಜರ್ಮನಿಯ ಯೇನಾದ ಕಾರ್ಲ್ ಝೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನು ಎರಡನೇ ಮಹಾಯುದ್ಧದ ನಂತರ ಸೋವಿಯತ್‌ನವರು ತಮ್ಮದಾಗಿಸಿಕೊಂಡು ಮಾಡಿದ ಲೆನ್ಸು ಇದು. ಇದರಲ್ಲಿ ಒಂದು ಮೋಡಿ ಇದೆ. ಅಡಿಕೆ ತೋಟದಲ್ಲಿ ಅಜ್ಜಿಯನ್ನು ನಿಲ್ಲಿಸಿ ಎಫ್ 2ರಲ್ಲಿ ಒಂದು ಫೋಟೋ ಹೊಡೆದೆ. ಅಜ್ಜಿ ನಡುವೆ ಸ್ಪಷ್ಟವಾಗಿ ನಿಂತಿದ್ದಾರೆ. ಹಿಂದೆ ಸೋಗೆಯ ಸಂದಿಯಿಂದ ತೂರಿ ಬಂದ ಬೆಳಕಿನ ಚುಕ್ಕೆಗಳೆಲ್ಲ ಹೊಳೆಯ ಸುಳಿಯ ಹಾಗೆ ಅಜ್ಜಿಯ ಸುತ್ತ ತಿರುಗುತ್ತಿವೆ.

ಅದು ಯಾಕೆ ಹಾಗೆ ಅಂತ ಹುಡುಕಿಕೊಂಡು ಹೋದೆ. ಚಿತ್ರದ ನಡುವೆ ಮಸುಕಾದ ಚುಕ್ಕೆ ದುಂಡಗೇ ಇರುತ್ತದೆ. ಅಂಚಿಗೆ ಹೋದ ಹಾಗೆ ಲೆನ್ಸಿನ ಕೊಳವೆಯೇ ಓರೆಯಾಗಿ ಬರುವ ಬೆಳಕಿಗೆ ಸ್ವಲ್ಪ ಅಡ್ಡ ಬರುತ್ತದೆ. ದುಂಡಗಿದ್ದದ್ದು ಬೆಕ್ಕಿನ ಕಣ್ಣಿನ ಆಕಾರಕ್ಕೆ ಬರುತ್ತದೆ. ಆ ಕಣ್ಣುಗಳೆಲ್ಲ ನಡುವನ್ನು ಸುತ್ತುವರಿದು ಸಾಲಾಗಿ ನಿಂತಾಗ ಸುಳಿ ಕಾಣುತ್ತದೆ. ಲೆನ್ಸು ಮಾಡುವವರ ಪ್ರಕಾರ ಇದು ದೋಷ. ಈಗಿನ ಲೆನ್ಸುಗಳಲ್ಲಿ ಬಹಳಷ್ಟು ತಿದ್ದಿದ್ದಾರೆ. ನನಗೆ ಅದನ್ನು ದೋಷ ಅನ್ನಲು ಬಾಯಿ ಬರುವುದಿಲ್ಲ. ಅಜ್ಜಿಯ ಸುತ್ತ ತೋಟವೇ ತಿರುಗುವುದು ಸುಳ್ಳು ಅಂತ ಹೇಗೆ ಹೇಳಲಿ? ಐವತ್ತು ವರ್ಷದಿಂದ ಆ ತೋಟ ತಿರುಗಿದ್ದೇ ಅವರ ಸುತ್ತ.

(ರೀಲಿನ ಖರ್ಚು ಬೇಡ, ಲೆನ್ಸು ಮಾತ್ರ ಸಾಕು ಅನ್ನುವವರಿಗೆ: ಇದು ಎಂ42 ತಿರುಪಿನ ಲೆನ್ಸು. ಈಗಿನ ಮಿರರ್‌ಲೆಸ್ ಕ್ಯಾಮೆರಾಕ್ಕೆ ಒಂದು ಅಡಾಪ್ಟರ್ ಉಂಗುರ ಹಾಕಿದರೆ ಕೂರುತ್ತದೆ. ಫೋಕಸ್ ಕೈಯಲ್ಲೇ ಮಾಡಬೇಕು. ಕೊಳ್ಳುವ ಮುಂಚೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಬೂಸ್ಟು, ಬಿಟ್ಟುಬಿಡಿ.)

ಬೂಸ್ಟು ಅಂದಾಗ ನೆನಪಾಯಿತು. ಮಲೆನಾಡಿನ ಮಳೆಗೆ ಈ ಲೆನ್ಸು ನಲವತ್ತು ವರ್ಷ ಹೇಗೆ ಬದುಕಿತು ಗೊತ್ತಾ? ಮಾವ ಇದನ್ನು ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಹಾಕಿ, ಜೊತೆಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಳ ಬಿಗಿಯುತ್ತಿದ್ದರು. ನೀಲಿ ಹರಳು ತೇವ ಎಳೆದುಕೊಂಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಅದಕ್ಕೆಂದೇ ಇಟ್ಟ ಹಳೇ ಬಾಣಲೆಯಲ್ಲಿ ಹಾಕಿ, ಕಡಲೆ ಹುರಿದ ಹಾಗೆ ಕೈಯಾಡಿಸುತ್ತಾ ಹುರಿಯುತ್ತಿದ್ದರು. ಹರಳು ಮತ್ತೆ ನೀಲಿಯಾಗುತ್ತಿತ್ತು. ಆಟಿ ತಿಂಗಳ ಸಂಜೆಗಳಲ್ಲಿ ಅವರು ಒಲೆ ಮುಂದೆ ಹೀಗೆ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ಒಂದು ವಸ್ತುವನ್ನು ಇಷ್ಟು ಅಕ್ಕರೆಯಿಂದ ಕಾಯುವವರನ್ನು ನಾನು ಆಮೇಲೆ ಜಾಸ್ತಿ ನೋಡಿಲ್ಲ.

ಕಪ್ಪುಬಿಳುಪು ರೀಲನ್ನು ಈಗ ಮನೆಯಲ್ಲೇ ತೊಳೆಯುತ್ತೇನೆ. ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ಕಣ್ಣಿಗೆ ಏನೂ ಕಾಣದೆ, ಬೆರಳಿನಲ್ಲೇ ರೀಲನ್ನು ಸುತ್ತಿ ಟ್ಯಾಂಕಿಗೆ ಹಾಕಬೇಕು. ಚಿತ್ರ ಮೂಡಿಸುವ ಡೆವಲಪರ್ ಡಿ-76. ಕೊಡಕ್‌ನವರು 1920ರ ದಶಕದಲ್ಲೇ ಕಂಡುಹಿಡಿದ ಪಾಕ, ಇವತ್ತಿಗೂ ಸಿಗುತ್ತದೆ. ಅದನ್ನು 20 ಡಿಗ್ರಿಯಲ್ಲಿ ಇಡುವುದೇ ಕಷ್ಟ. ಏಪ್ರಿಲ್‌ನಲ್ಲಿ ಬೆಂಗಳೂರಿನ ನಲ್ಲಿ ನೀರು ಎಲ್ಲಿ 20 ಇರುತ್ತದೆ! ಫ್ರಿಜ್ಜಿನ ಐಸು ಹಾಕಿದ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ, ಥರ್ಮಾಮೀಟರ್ ಹಿಡಿದು ಕಾಯುತ್ತೇನೆ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸಲು ವಿನೆಗರ್ ವಾಸನೆಯ ಸ್ಟಾಪ್ ಬಾತ್, ಆಮೇಲೆ ಚಿತ್ರ ಕೆಡದಂತೆ ನಿಲ್ಲಿಸುವ ಹೈಪೋ, ಆಮೇಲೆ ನೀರು.

ಟ್ಯಾಂಕಿನ ಮುಚ್ಚಳ ತೆಗೆದು ಒದ್ದೆ ರೀಲನ್ನು ಬಿಚ್ಚುವ ಆ ಒಂದು ನಿಮಿಷ ಇದೆಯಲ್ಲ, ಅದಕ್ಕೆ ಸಮನಾದದ್ದು ನನಗೆ ಬೇರೆ ಇಲ್ಲ. ಅಜ್ಜಿಯ ಆ ಫೋಟೋವನ್ನು ನಾನು ಮೊದಲು ನೋಡಿದ್ದು ಹಾಗೆಯೇ, ಬಚ್ಚಲುಮನೆಯ ಬಲ್ಬಿನ ಬೆಳಕಿಗೆ ಎತ್ತಿ ಹಿಡಿದು. ನೆಗೆಟಿವ್‌ನಲ್ಲಿ ಬೆಳ್ಳಗಿದ್ದದ್ದು ಕಪ್ಪು, ಕಪ್ಪಗಿದ್ದದ್ದು ಬಿಳಿ. 88 ವರ್ಷದ ಅಜ್ಜಿಯ ತಲೆಗೂದಲು ಕಡುಕಪ್ಪಾಗಿತ್ತು. ನೀರು ತೊಟ್ಟಿಕ್ಕುತ್ತಿದ್ದ ಆ ಬೆರಳುದ್ದದ ಚೌಕದಲ್ಲಿ ನನ್ನ ಅಜ್ಜಿಗೆ ಮದುವೆಯ ವಯಸ್ಸು.

ಎಲ್ಲ ಸಲವೂ ಹೀಗೆ ಆಗುವುದಿಲ್ಲ. ಒಂದು ಇಡೀ ರೀಲಿನ ಫೋಟೋಗಳ ತುಂಬಾ ನಕ್ಷತ್ರದ ಹಾಗೆ ಬಿಳಿ ಚುಕ್ಕೆ ಬಂದವು. ಜೆನಿಟ್‌ನ ಶಟರ್ ಬಟ್ಟೆಯದು, ಹಳತಾದಂತೆ ಅದರಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ರಿಪೇರಿ ಮಾಡುವ ಹಿರಿಯರೊಬ್ಬರು ಕಪ್ಪು ರಬ್ಬರ್ ದ್ರಾವಣ ಸವರಿ ಸರಿ ಮಾಡಿಕೊಟ್ಟರು. ಖರ್ಚಂತೂ ಹೇಳುವುದೇ ಬೇಡ. ಬಣ್ಣದ ರೀಲು, ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿ ನನಗೆ ಒಂದೂವರೆ ಸಾವಿರ ದಾಟುತ್ತದೆ. 36 ಫೋಟೋಕ್ಕೆ. ವರ್ಷಕ್ಕೆ ಐದಾರು ರೀಲು ಮುಗಿಸಿದರೆ ಹೆಚ್ಚು. ಆದ್ದರಿಂದ ಸಾವಿರಾರು ರೂಪಾಯಿ ಸುರಿದು ಹಳೇ ಕ್ಯಾಮೆರಾ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೊದಲು ನಿಮ್ಮ ಮನೆಯ ಬೀರು, ಅಟ್ಟ ನೋಡಿ. ಒಂದು ಯಾಶಿಕಾ ಎಂಎಫ್-2 ಸಿಗಬಹುದು. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಸಿಗಬಹುದು. ಅದಕ್ಕೆ 120 ಅನ್ನುವ ಅಳತೆಯ ಅಗಲ ರೀಲು, 12 ಚೌಕ ಫೋಟೋ. ಆ ರೀಲು ಈಗಲೂ ಬರುತ್ತದೆ.

"ಇದೇ ಬಣ್ಣ ಆ್ಯಪಿನಲ್ಲೂ ಬರುತ್ತಲ್ಲ" ಅನ್ನುತ್ತಾರೆ ಗೆಳೆಯರು. ಬರುತ್ತದೆ, ಒಪ್ಪುತ್ತೇನೆ. ನಾನು ಬಣ್ಣಕ್ಕಾಗಿ ಇದನ್ನು ಮಾಡುತ್ತಿಲ್ಲ. ನೆಗೆಟಿವ್ ಅನ್ನುವುದು ಆವತ್ತು ಅಲ್ಲೇ ಇದ್ದ ವಸ್ತು. ಅಜ್ಜನ ಹೆಗಲ ಮೇಲೆ ಬಿದ್ದ ಬಿಸಿಲು ಅಲ್ಲಿಂದ ಹೊರಟು ಇದೇ ಪಟ್ಟಿಯ ಮೇಲೆ ಬಿತ್ತು. ಈ ಪಟ್ಟಿ ಆವತ್ತು ಆ ಅಂಗಳದಲ್ಲಿ, ಅಜ್ಜನಿಂದ ಎಂಟು ಅಡಿ ದೂರದಲ್ಲಿ ಇತ್ತು. ಅಜ್ಜ ಹೋಗಿ ಇಪ್ಪತ್ತು ವರ್ಷವಾಯಿತು. ಅದನ್ನು ಕೈಯಲ್ಲಿ ಹಿಡಿದರೆ ಏನಾಗುತ್ತದೆ ಅಂತ ಹಿಡಿದವರಿಗೇ ಗೊತ್ತು.

ಅಜ್ಜನ ಆ ಫೋಟೋದ ಕಥೆ ಹೇಳಬೇಕು. 1984ರದ್ದು. ನಮ್ಮ ಹಜಾರದಲ್ಲಿ ನಾನು ಹುಟ್ಟಿದಾಗಿನಿಂದ ನೇತಾಡುತ್ತಿದೆ. ಅಂಗಳದ ಕಟ್ಟೆಯ ಮೇಲೆ ಅಜ್ಜ ಒಬ್ಬರೇ ಕೂತಿದ್ದಾರೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲಿನಲ್ಲಿ ಮಾವ ಹೊಡೆದದ್ದು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಮಾವ ನೆಗೆಟಿವ್‌ಗಳನ್ನು ಬಿಸ್ಕೆಟ್ ಡಬ್ಬದಲ್ಲಿ ಇಟ್ಟಿದ್ದರು, ಲೆನ್ಸಿನ ಬಾಟಲಿಯ ಪಕ್ಕದಲ್ಲೇ. ಹೋದ ದೀಪಾವಳಿಗೆ ಅವನ್ನೆಲ್ಲ ಬೆಂಗಳೂರಿಗೆ ತಂದು ಒಂದೊಂದಾಗಿ ಸ್ಕ್ಯಾನ್ ಮಾಡಿದೆ.

ಇಲ್ಲಿ ಜೆನಿಟ್‌ನ ಒಂದು ಗುಣ ಹೇಳಬೇಕು. ರೀಲಿನ ಮೇಲೆ ಬೀಳುವ ಚಿತ್ರ 24 ಎಂಎಂ ಎತ್ತರ, 36 ಎಂಎಂ ಅಗಲ. ಆದರೆ ಜೆನಿಟ್‌ನ ಕಿಂಡಿಯಲ್ಲಿ ಕಣ್ಣಿಗೆ ಕಾಣುವುದು ಅದರಲ್ಲಿ 20ಕ್ಕೆ 28ರಷ್ಟು ಮಾತ್ರ. ಮೂರರಲ್ಲಿ ಎರಡು ಪಾಲು. ಉಳಿದದ್ದನ್ನು ನಾವು ನೋಡಿಯೇ ಇರುವುದಿಲ್ಲ, ರೀಲು ನೋಡಿರುತ್ತದೆ. ಇನ್ನು ಸ್ಟುಡಿಯೋದಲ್ಲಿ ಆ ಕಾಲಕ್ಕೆ ದೊಡ್ಡದು ಮಾಡಿಸುತ್ತಿದ್ದದ್ದು 10x12 ಇಂಚಿನ ಅಳತೆಗೆ. ಆ ಕಾಗದಕ್ಕೆ ಹೊಂದಿಸಲು ಅಗಲದಲ್ಲಿ ಐದರಲ್ಲೊಂದು ಪಾಲು ಕತ್ತರಿಸಬೇಕು. ಹಾಗಾಗಿ ಮಾವ ಕಂಡಿದ್ದೂ ಅಷ್ಟೇ, ಗೋಡೆಗೆ ಬಂದದ್ದೂ ಅಷ್ಟೇ.

ಸ್ಕ್ಯಾನಿನಲ್ಲಿ ಎಡ ಅಂಚಿಗೆ ಒಂದು ಕೈ ಇತ್ತು. ಮೊಣಕೈ ತನಕ ಮಾತ್ರ. ಕೈಯಲ್ಲಿ ಲೋಟ. ಗಾಜಿನ ಬಳೆ, ಅದರ ಹಿಂದೆ ಒಂದು ದಪ್ಪ ಬಳೆ. ನಲವತ್ತು ವರ್ಷ ಡಬ್ಬದಲ್ಲಿ ಇದ್ದ ಆ ಕೈಯನ್ನು ಮನೆಯಲ್ಲಿ ಒಬ್ಬರೂ ನೋಡಿರಲಿಲ್ಲ. ಅಜ್ಜಿ ಕ್ಯಾಮೆರಾ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಅವರ ಆ ವಯಸ್ಸಿನ ಒಂದು ಫೋಟೋವೂ ನಮ್ಮಲ್ಲಿ ಇಲ್ಲ.

ಏನನ್ನೂ ಕತ್ತರಿಸದೆ ಪೂರ್ತಿ ಚಿತ್ರ ಪ್ರಿಂಟ್ ಹಾಕಿಸಿ ಊರಿಗೆ ಒಯ್ದೆ. ಅಜ್ಜಿ ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಆ ಅಂಚನ್ನು ಮೆಲ್ಲಗೆ ಒರೆಸಿದರು.

"ನಂದೇ ಕೈ. ಅವರಿಗೆ ಮಜ್ಜಿಗೆ ತಂದಿದ್ದೆ. ಫೋಟೋ ಹೊಡೀತಿದಾರೆ ಅಂತ ಅಲ್ಲೇ ನಿಂತೆ" ಅಂದರು.